ಲಿನಕ್ಸ್‌ನಲ್ಲಿ ಡಿಸ್ಕ್‌ನ ಫೈಲುಗಳನ್ನು ಜೋಡಿಸಿಡುವ ಎಕ್ಸ್‌ಎಫ್‌ಎಸ್ ವ್ಯವಸ್ಥೆಯ ‘ಹೆಲ್ತ್’ ಆದೇಶ ಯಾವ ದೋಷವನ್ನೂ ತೋರಿಸದಿದ್ದರೆ ಡಿಸ್ಕ್ ಸರಿಯಿದೆ ಎಂದು ನಂಬಬಹುದೇ?

ನಂಬಬೇಡಿ. ಪುಣೆಯ ನಿಮ್ಮ ಸಂಘದ ಹಳೆಯ ಸಂಚಿಕೆಗಳ ಸ್ಕ್ಯಾನ್‌ಗಳೆಲ್ಲ ಆ ಒಂದೇ ಡಿಸ್ಕ್‌ನಲ್ಲಿವೆ ಎಂದು ಬರೆದಿದ್ದೀರಿ. ಹಾಗಿದ್ದರೆ ಮೊದಲು ಇನ್ನೊಂದು ಪ್ರತಿ ಮಾಡಿಟ್ಟುಕೊಂಡು ಆಮೇಲೆ ಮುಂದಿನದನ್ನು ಓದಿ.

ಲಿನಕ್ಸ್‌ನ ತಿರುಳಾದ ಕರ್ನಲ್ ಪ್ರತಿಯೊಂದು ಮೆಟಾಡೇಟಾ ರಚನೆಗೂ (ಯಾವ ಫೈಲು ಎಲ್ಲಿದೆ ಎಂಬಂಥ ಲೆಕ್ಕಪತ್ರ) ಎರಡು ಗುರುತು ಇಟ್ಟುಕೊಳ್ಳುತ್ತದೆ: ತಪಾಸಣೆಯಾಗಿದೆಯೇ, ಕೆಟ್ಟಿದೆಯೇ. ಈ ಗುರುತುಗಳು ಮೆಮೊರಿಯಲ್ಲಿ ಮಾತ್ರ ಇರುತ್ತವೆ, ಡಿಸ್ಕ್‌ಗೆ ಇಳಿಯುವುದಿಲ್ಲ. ಅನ್‌ಮೌಂಟ್ ಮಾಡಿ ಡಿಸ್ಕನ್ನು ಬಳಕೆಯಿಂದ ಬಿಡಿಸಿದಿರೋ, ಪಾಟಿ ಒರೆಸಿದಂತೆ. ಎಕ್ಸ್‌ಎಫ್‌ಎಸ್‌ನ ‘ಸ್ಪೇಸ್‌ಮ್ಯಾನ್’ ಉಪಕರಣದಲ್ಲಿರುವ ಈ ಹೆಲ್ತ್ ಆದೇಶ ತಾನಾಗಿ ಏನನ್ನೂ ಪರೀಕ್ಷಿಸುವುದಿಲ್ಲ, ಆ ಪಾಟಿಯನ್ನು ಓದಿ ಹೇಳುತ್ತದೆ ಅಷ್ಟೆ.

ಇದಕ್ಕೆ ನಾನು ದಂಡ ತೆತ್ತವನು. ಮುಂಬೈಯ ಜುಲೈ ಮಳೆ, ಅಂಧೇರಿಯ ನಮ್ಮ ಕಚೇರಿಯಲ್ಲಿ ಕರೆಂಟ್ ಹೋಯಿತು, ಯುಪಿಎಸ್ ಕೈಕೊಟ್ಟಿತು. ಸರ್ವರ್ ಮತ್ತೆ ಎದ್ದ ಮೇಲೆ ಹೆಲ್ತ್ ಕೇಳಿದೆ. ಮಾಹಿತಿಯನ್ನೇ ಸಂಗ್ರಹಿಸಿಲ್ಲ, ಸ್ಕ್ರಬ್ (ಮೆಟಾಡೇಟಾವನ್ನು ನಿಜವಾಗಿ ಪರೀಕ್ಷಿಸುವ ಉಪಕರಣ) ಓಡಿಸಿ ಎಂದಿತು. ‘ದೋಷ’ ಎಂಬ ಮಾತು ಕಾಣಲಿಲ್ಲವೆಂದು ನಿಶ್ಚಿಂತೆಯಿಂದ ಡೊಂಬಿವಲಿ ಲೋಕಲ್ ಹಿಡಿದೆ. ಮರುದಿನ ಒಂದು ಫೋಲ್ಡರ್ ತೆರೆದರೆ ‘ಸ್ಟ್ರಕ್ಚರ್ ನೀಡ್ಸ್ ಕ್ಲೀನಿಂಗ್’, ಅಂದರೆ ಮೆಟಾಡೇಟಾ ಕೆಟ್ಟಿದೆ ಎಂಬ ದೋಷಸೂಚನೆ. ಪಕ್ಕದ ಮೇಜಿನ ಮಂಗಳೂರಿನ ಗೆಳೆಯ, ಡಬ್ಬ ಬಿಚ್ಚಿ ಧೂಳು ಹೊಡೆಯಬೇಕೇನೋ ಎಂದ! ಬದಲಾವಣೆಗಳನ್ನು ಮೊದಲೇ ಬರೆದಿಡುವ ಜರ್ನಲ್ ಇರುವುದರಿಂದ ಕರೆಂಟ್ ಹೋದ ಮಾತ್ರಕ್ಕೆ ಮೆಟಾಡೇಟಾ ಕೆಡಬಾರದು. ಆದರೆ ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವ ನಮ್ಮ ರೇಡ್ ಕಾರ್ಡಿನ ಬ್ಯಾಟರಿ ಸತ್ತಿತ್ತು. ಬರೆಯದೆಯೇ ‘ಬರೆದೆ’ ಎಂದು ಅದು ಸುಳ್ಳು ಹೇಳಿತ್ತು.

ನೀವು ಡಿಸ್ಕ್ ಮೌಂಟ್ ಆಗಿರುವಾಗಲೇ ‘ಎಕ್ಸ್‌ಎಫ್‌ಎಸ್ ಸ್ಕ್ರಬ್’ ಅನ್ನು ‘ಎನ್’ ಆಯ್ಕೆಯೊಂದಿಗೆ ಓಡಿಸಿ. ಅದು ಏನನ್ನೂ ತಿದ್ದದೆ ನೋಡುತ್ತದೆ. ನಿಮ್ಮ ಕರ್ನಲ್‌ನಲ್ಲಿ ಸ್ಕ್ರಬ್ ಬೆಂಬಲ ಇರಬೇಕು. ಆಮೇಲೆ ಹೆಲ್ತ್ ಕೇಳಿ, ಈಗ ಅದರ ಮಾತಿಗೆ ಬೆಲೆಯಿದೆ. ದೋಷ ಕಂಡರೆ ಅನ್‌ಮೌಂಟ್ ಮಾಡಿ ಎಕ್ಸ್‌ಎಫ್‌ಎಸ್‌ನ ‘ರಿಪೇರ್’ ಉಪಕರಣವನ್ನೂ ಮೊದಲು ‘ಎನ್’ ಆಯ್ಕೆಯಲ್ಲೇ ಓಡಿಸಿ. ‘ಎಲ್’ ಆಯ್ಕೆಯ ತಂಟೆಗೆ ಹೋಗಬೇಡಿ, ಅದು ಜರ್ನಲ್ಲನ್ನೇ ಅಳಿಸಿಹಾಕುತ್ತದೆ. ಬೇರೆ ದಾರಿಯೇ ಇಲ್ಲದಾಗ, ಪ್ರತಿ ಕೈಯಲ್ಲಿದ್ದಾಗ ಮಾತ್ರ ಅದು.

ಇನ್ನೊಂದು ಮಾತು. ಎಕ್ಸ್‌ಎಫ್‌ಎಸ್‌ನ ಚೆಕ್‌ಸಮ್ (ಮಾಹಿತಿ ಕೆಟ್ಟಿದೆಯೇ ಎಂದು ತಾಳೆ ನೋಡುವ ಮೊತ್ತ) ಮೆಟಾಡೇಟಾಗೆ ಮಾತ್ರ. ನಿಮ್ಮ ಸಂಚಿಕೆಯ ಪುಟದೊಳಗೆ ಒಂದು ಬಿಟ್ ಸದ್ದಿಲ್ಲದೆ ಮಗುಚಿದರೆ ಹೆಲ್ತ್‌ಗೂ ತಿಳಿಯದು, ಸ್ಕ್ರಬ್‌ಗೂ ತಿಳಿಯದು. ಪ್ರತಿ ಫೈಲಿನ ಎಸ್‌ಎಚ್‌ಎ-256 ಮೊತ್ತವನ್ನು (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಬೇರೆ ಡಿಸ್ಕ್‌ನಲ್ಲಿ ಬರೆದಿಡಿ.