ಓದುಗರ ಪ್ರಶ್ನೆ: ಆರು ಮೂಲೆಯ ನಕ್ಷತ್ರ ಯಾರದು?

ಪ್ರಶ್ನೆ: ನಮ್ಮ ಮನೆಯಲ್ಲಿ ಸುಬ್ರಹ್ಮಣ್ಯ ಷಷ್ಠಿಯಂದು ದೇವರ ಮುಂದೆ ಷಟ್ಕೋನದ ರಂಗೋಲಿ ಹಾಕುತ್ತಾರೆ. ಈಚೆಗೆ ದೆಹಲಿಯಲ್ಲಿ ಹುಮಾಯೂನನ ಗೋರಿಯ ಕಮಾನುಗಳ ಮೇಲೂ ಅದೇ ಆಕೃತಿಯನ್ನು ಕಂಡೆ. ಜೊತೆಗಿದ್ದವರು ಇದು ಯೆಹೂದಿಗಳ ‘ದಾವೀದನ ನಕ್ಷತ್ರ’ ಎಂದರು. ಇದು ಮೂಲದಲ್ಲಿ ಯಾರದು, ಯಾರು ಯಾರಿಂದ ಪಡೆದರು?
– ಓದುಗರೊಬ್ಬರು, ಶಿರಸಿ

ಉತ್ತರ: ಈ ಆಕೃತಿಯ ಮಟ್ಟಿಗೆ ಹೇಳುವುದಾದರೆ, ಯಾರೂ ಯಾರಿಂದಲೂ ಪಡೆಯಬೇಕಾದ ಅಗತ್ಯವೇ ಇರಲಿಲ್ಲ. ಕೈವಾರದಿಂದ ಒಂದು ವೃತ್ತವನ್ನೆಳೆದು, ಕೈವಾರದ ಅಗಲವನ್ನು ಬದಲಿಸದೆ ಪರಿಧಿಯ ಮೇಲೆ ಗುರುತು ಹಾಕುತ್ತ ಹೋದರೆ, ಆರನೆಯ ಗುರುತು ಹೊರಟ ಜಾಗಕ್ಕೇ ಬಂದು ಸೇರುತ್ತದೆ. ಆ ಗುರುತುಗಳನ್ನು ಒಂದು ಬಿಟ್ಟು ಒಂದರಂತೆ ಗೆರೆಯಿಂದ ಕೂಡಿಸಿದರೆ ಎರಡು ಸಮಬಾಹು ತ್ರಿಭುಜಗಳು ಒಂದರ ಮೇಲೊಂದು ಕೂರುತ್ತವೆ. ಗೂಟ ಮತ್ತು ಹಗ್ಗವಷ್ಟೇ ಇದ್ದ ಕಲ್ಲುಕುಟಿಗನೂ ಇದನ್ನು ಎಳೆಯಬಲ್ಲ. ಆದ್ದರಿಂದಲೇ ಪರಸ್ಪರ ಪರಿಚಯವಿಲ್ಲದ ನಾಡುಗಳಲ್ಲಿಯೂ ಇದು ಕಾಣಿಸಿಕೊಂಡಿತು, ಅರ್ಥವನ್ನು ಆಯಾ ನಾಡಿನವರು ಅನಂತರ ತುಂಬಿಕೊಂಡರು.

ನಿಮ್ಮ ಮನೆಯ ರಂಗೋಲಿಯಲ್ಲಿ ಮೇಲ್ಮುಖದ ತ್ರಿಕೋನ ಶಿವ, ಕೆಳಮುಖದ್ದು ಶಕ್ತಿ, ಅವರಿಬ್ಬರ ಕೂಡುವಿಕೆಯಿಂದ ಹುಟ್ಟಿದವನು ಆರು ಮುಖದ ಷಣ್ಮುಖ. ತಂತ್ರಶಾಸ್ತ್ರದ ಅನಾಹತ ಚಕ್ರದ ನಡುವೆ ಇರುವುದೂ ಇದೇ ಷಟ್ಕೋನ. ಹುಮಾಯೂನನ ಗೋರಿಯನ್ನು ಕಟ್ಟಿದ 16ನೆಯ ಶತಮಾನದ ಕುಶಲಿಗಳ ಹಿಂದೆ ಇಸ್ಲಾಮೀ ಜ್ಯಾಮಿತಿಯ ದೊಡ್ಡ ಪರಂಪರೆಯಿತ್ತು. ಆ ಪರಂಪರೆಯಲ್ಲಿ ಈ ಆಕೃತಿಯನ್ನು ಸುಲೈಮಾನರ ಮುದ್ರೆ ಎನ್ನುತ್ತಿದ್ದರು, ನಾಣ್ಯ, ತಾಯಿತ, ಬಟ್ಟಲುಗಳ ಮೇಲೂ ಅದನ್ನು ಮೂಡಿಸುತ್ತಿದ್ದರು. ಸ್ಪೇನಿನ ಬುರ್ಗೋಸ್ ಪಟ್ಟಣದ ಕ್ರೈಸ್ತ ಮಹಾದೇವಾಲಯದ ಮುಂಭಾಗದ ದುಂಡು ಕಿಟಕಿಯಲ್ಲಿಯೂ ಆರು ಮೂಲೆಯ ನಕ್ಷತ್ರವಿದೆ. ಗಲಿಲಾಯ ಸರೋವರದ ದಡದಲ್ಲಿರುವ ಕಪೆರ್ನೌಮಿನಲ್ಲಿ, ಯೆಹೂದಿಗಳ ಪ್ರಾರ್ಥನಾಮಂದಿರವಾದ ಪ್ರಾಚೀನ ಸಿನಗಾಗ್‌ನ ಕಲ್ಲಿನ ಪಟ್ಟಿಕೆಯಲ್ಲಿಯೂ ಅದನ್ನು ಕೆತ್ತಿದ್ದಾರೆ ಎಂಬುದು ನಿಜ. ಆದರೆ ಅಲ್ಲಿ ಐದು ಮೂಲೆಯ ನಕ್ಷತ್ರ, ಬಳ್ಳಿ, ಹಣ್ಣುಗಳ ನಡುವೆ ಅದೂ ಒಂದು ಅಲಂಕಾರ, ಅಷ್ಟೆ.

ಪ್ರಶ್ನೆ: ಹಾಗಾದರೆ ಅದು ಯೆಹೂದಿಗಳ ಗುರುತಾದದ್ದು ಯಾವಾಗ? ದಾವೀದ ರಾಜನ ಗುರಾಣಿಯ ಮೇಲೆ ಅದು ಇತ್ತೆಂದು ಬೈಬಲಿನಲ್ಲಿ ಇದೆಯೇ?
– ನಿವೃತ್ತ ಶಿಕ್ಷಕರು, ಗದಗ

ಉತ್ತರ: ಬೈಬಲಿನಲ್ಲಿ ಅಂತಹ ಮಾತಿಲ್ಲ. ಹೀಬ್ರೂ ಭಾಷೆಯಲ್ಲಿ ಇದರ ಹೆಸರು ‘ಮಾಗೆನ್ ದಾವಿದ್’, ಎಂದರೆ ದಾವೀದನ ಗುರಾಣಿ. ನಕ್ಷತ್ರ ಎಂಬ ಪದವೇ ಅದರಲ್ಲಿಲ್ಲ. ಯೆಹೂದಿಗಳ ಪ್ರಾರ್ಥನೆಯಲ್ಲಿ ಈ ಪದ ಬರುವುದು ದೇವರ ಬಿರುದಾಗಿ, ದಾವೀದನನ್ನು ಗುರಾಣಿಯಂತೆ ಕಾಪಾಡಿದವನು ಎಂಬ ಅರ್ಥದಲ್ಲಿ. ಪ್ರಾಚೀನ ಕಾಲದಲ್ಲಿ ಆ ಜನರ ನಿಜವಾದ ಲಾಂಛನ ಏಳು ಕವಲಿನ ದೀಪಸ್ತಂಭವಾದ ಮೆನೋರಾ. ಯೆರೂಸಲೇಮಿನ ದೇವಾಲಯವನ್ನು ಕೆಡವಿದ ರೋಮನ್ನರು ಕೊಳ್ಳೆಹೊಡೆದು ಹೊತ್ತೊಯ್ದದ್ದೂ ಅದನ್ನೇ. ರೋಮಿನ ಟೈಟಸ್ ಕಮಾನಿನ ಒಳಗೋಡೆಯಲ್ಲಿ ಆ ದೃಶ್ಯ ಇಂದಿಗೂ ಉಳಿದಿದೆ.

ನಕ್ಷತ್ರದ ಕಥೆ ತೀರ ನಿಧಾನವಾಗಿ ನಡೆಯಿತು. ಕೈರೋದಲ್ಲಿ ಸುಮಾರು 1008ರಲ್ಲಿ ಬರೆದು ಮುಗಿಸಿದ, ಲೆನಿನ್‌ಗ್ರಾಡ್ ಪ್ರತಿ ಎಂದು ಹೆಸರಾದ ಹೀಬ್ರೂ ಬೈಬಲಿನ ಒಂದು ಅಲಂಕಾರ ಪುಟದ ನಡುವೆ ಈ ಆಕೃತಿಯಿದೆ. ಅದರ ಗೆರೆಗಳಾಗಿ ಓಡುವುದು ಅತಿ ಸಣ್ಣ ಅಕ್ಷರಗಳ ಸಾಲು. 12ನೆಯ ಶತಮಾನದ ಬರಹವೊಂದು ತಾಯಿತಗಳಲ್ಲಿ ದೇವದೂತರ ಹೆಸರಿನ ಪಕ್ಕ ಬರೆಯುವ ಚಿಹ್ನೆಯನ್ನು ‘ದಾವೀದನ ಗುರಾಣಿ’ ಎಂದು ಕರೆಯುತ್ತದೆ. ಒಂದು ಸಮುದಾಯದ ಗುರುತಾಗಿ ಅದು ನೆಲೆಗೊಂಡದ್ದು ಪ್ರಾಗ್ ನಗರದಲ್ಲಿ. ಅಲ್ಲಿಯ ಯೆಹೂದಿಗಳಿಗೆ ಸ್ವಂತ ಧ್ವಜವನ್ನು ಹಿಡಿಯುವ ಹಕ್ಕನ್ನು ಬೊಹೆಮಿಯಾದ ದೊರೆ ನಾಲ್ಕನೆಯ ಚಾರ್ಲ್ಸ್ 1354ರಲ್ಲಿ ಕೊಟ್ಟನೆಂಬ ಪರಂಪರೆಯಿದ್ದು, ಮುಂದೆ ಆ ಧ್ವಜದ ಮೇಲೆ ಈ ನಕ್ಷತ್ರ ಕಾಣಿಸಿಕೊಂಡಿತು. ಪ್ರಾಗ್‌ನ ಹೀಬ್ರೂ ಮುದ್ರಕರೂ ತಮ್ಮ ಪುಸ್ತಕಗಳಲ್ಲಿ ಅದನ್ನು ಅಚ್ಚುಹಾಕಿದರು. 1656ರ ಹೊತ್ತಿಗೆ ವಿಯೆನ್ನಾದಲ್ಲಿ ಕ್ರೈಸ್ತರ ಕೇರಿಯನ್ನೂ ಯೆಹೂದಿಗಳ ಕೇರಿಯನ್ನೂ ಬೇರ್ಪಡಿಸುವ ಗಡಿಕಲ್ಲಿನ ಮೇಲೆ ಶಿಲುಬೆಗೆ ಎದುರಾಗಿ ಈ ನಕ್ಷತ್ರವನ್ನೇ ಕೆತ್ತಿದರು.

ಎಲ್ಲೆಡೆಯೂ ಹರಡಿದ್ದು 19ನೆಯ ಶತಮಾನದಲ್ಲಿ. ಪೌರ ಹಕ್ಕುಗಳು ದೊರೆತ ಯುರೋಪಿನ ಯೆಹೂದಿಗಳು ದೊಡ್ಡ ಬೀದಿಗಳಲ್ಲಿ ಎತ್ತರದ ಸಿನಗಾಗ್‌ಗಳನ್ನು ಕಟ್ಟತೊಡಗಿದಾಗ, ಚರ್ಚಿನ ಶಿಲುಬೆಯಂತೆ ದೂರದಿಂದಲೇ ಗುರುತಿಸಬಹುದಾದ ಒಂದು ಸರಳ ಚಿಹ್ನೆ ಅವರಿಗೂ ಬೇಕಾಯಿತು. 1897ರಲ್ಲಿ ಬಾಸೆಲ್‌ನಲ್ಲಿ ಸೇರಿದ ಮೊದಲ ಜಿಯೋನಿಸ್ಟ್ (ಯೆಹೂದಿಗಳಿಗೆ ಸ್ವಂತ ನಾಡು ಬೇಕೆಂಬ ಚಳವಳಿಯ) ಸಮ್ಮೇಳನ ಅದನ್ನು ರಾಜಕೀಯಕ್ಕೂ ತಂದಿತು. ನೀಲಿ ಪಟ್ಟೆಗಳನ್ನು ಪ್ರಾರ್ಥನೆಯ ಹೊದಿಕೆಯಾದ ತಲ್ಲಿತ್‌ನಿಂದ ಪಡೆದ ಆ ಚಳವಳಿಯ ಧ್ವಜವೇ 1948ರ ಅಕ್ಟೋಬರ್ 28ರಂದು ಇಸ್ರೇಲಿನ ಧ್ವಜವಾಯಿತು.

ನಡುವಿನ ಕಾಲವನ್ನು ಹೇಳದೆ ಬಿಡುವಂತಿಲ್ಲ. ಯೆಹೂದಿಗಳು ಉಡುಪಿನಲ್ಲಿಯೇ ಬೇರೆಯಾಗಿ ಕಾಣಬೇಕೆಂದು 1215ರಷ್ಟು ಹಿಂದೆಯೇ ಕ್ರೈಸ್ತ ಧರ್ಮಸಭೆ ವಿಧಿಸಿತ್ತು. ಆದರೆ ಮಧ್ಯಯುಗದ ಹಳದಿ ಗುರುತು ಅನೇಕ ಕಡೆ ಕೇವಲ ಒಂದು ಬಳೆಯಾಕಾರವಾಗಿತ್ತು, ನಕ್ಷತ್ರವಾಗಿರಲಿಲ್ಲ. ಅದನ್ನು ನಕ್ಷತ್ರವಾಗಿಸಿದವರು ನಾಜಿಗಳು. ಅಷ್ಟರಲ್ಲಿ ಆ ಆಕೃತಿಯನ್ನು ಯಾರು ನೋಡಿದರೂ ಇದು ಇವರದೇ ಎಂದು ಹೇಳುವಂತಾಗಿತ್ತು, ಆಳುವವರಿಗೆ ಬೇಕಾಗಿದ್ದುದೂ ಅದೇ. 1941ರ ಸೆಪ್ಟೆಂಬರ್ 19ರಿಂದ ಜರ್ಮನಿಯಲ್ಲಿ ಆರು ವರ್ಷ ತುಂಬಿದ ಪ್ರತಿಯೊಬ್ಬ ಯೆಹೂದಿಯೂ ಅಂಗೈಯಗಲದ ಹಳದಿ ನಕ್ಷತ್ರವನ್ನು ಎದೆಯ ಎಡಭಾಗದಲ್ಲಿ ಹೊಲಿದುಕೊಳ್ಳಬೇಕಾಯಿತು. ಅದರ ನಡುವೆ ‘ಯೂಡೆ’ (ಜರ್ಮನ್ ಭಾಷೆಯಲ್ಲಿ ಯೆಹೂದಿ) ಎಂದು, ಹೀಬ್ರೂ ಲಿಪಿಯನ್ನು ಅಣಕಿಸುವ ಅಕ್ಷರಗಳಲ್ಲಿ, ಅಚ್ಚು ಹಾಕಲಾಗಿತ್ತು. ಅಕ್ಷರ ವಿನ್ಯಾಸದಂತಹ ನಾಜೂಕಿನ ಕಲೆಯನ್ನೂ ಅವಮಾನಕ್ಕೆ ಹೇಗೆ ಹೂಡಬಹುದು ಎಂಬುದಕ್ಕೆ ಇದಕ್ಕಿಂತ ಕೆಟ್ಟ ಉದಾಹರಣೆ ನನಗೆ ತಿಳಿದಿಲ್ಲ.

ಪ್ರಶ್ನೆ: ಕೆಲವೆಡೆ ಎರಡೂ ತ್ರಿಕೋನಗಳು ಹೆಣೆದಂತೆ ಕಾಣುತ್ತವೆ, ಕೆಲವೆಡೆ ಇಲ್ಲ. ಇದರಲ್ಲಿ ಸರಿ ಯಾವುದು?
– ವಿನ್ಯಾಸ ವಿದ್ಯಾರ್ಥಿನಿ, ಮೈಸೂರು

ಉತ್ತರ: ಎರಡೂ ಸರಿಯೇ. ಇಸ್ರೇಲಿನ ಧ್ವಜದಲ್ಲಿ ಗೆರೆಗಳು ಹೆಣೆಯದೆ ಸಪಾಟಾಗಿ ಕೂಡುತ್ತವೆ. ಹೆಣೆಯುವುದಾದರೆ ಪ್ರತಿ ಬದಿಯೂ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹಾಯಬೇಕು; ಹಾಗೆ ಮಾಡಿದರೆ ಕತ್ತರಿಸದೆ ಒಂದನ್ನು ಇನ್ನೊಂದರಿಂದ ಬಿಡಿಸಲು ಬರುವುದಿಲ್ಲ. ಗೆರೆಯ ದಪ್ಪವನ್ನು ನಿರ್ಧರಿಸುವಾಗ ಒಂದು ಲೆಕ್ಕ ನೆನಪಿರಲಿ: ಇಡೀ ನಕ್ಷತ್ರ 12 ಸಮಾನ ಸಣ್ಣ ತ್ರಿಕೋನಗಳಾಗಿ ಒಡೆಯುತ್ತದೆ, ಅದರಲ್ಲಿ ಆರು ಹೊರಗಿನ ಮೂಲೆಗಳು, ಉಳಿದ ಆರು ಸೇರಿ ನಡುವಿನ ಷಡ್ಭುಜ. ಗೆರೆ ದಪ್ಪವಾದಂತೆ ಮೊದಲು ಮುಚ್ಚಿಹೋಗುವುದು ಮೂಲೆಗಳ ಒಳಗಿನ ಬಯಲು.

ಪ್ರಶ್ನೆ: ಬವೇರಿಯಾದ ಹಳ್ಳಿಯೊಂದರಲ್ಲಿ ಮನೆಯ ಮುಂದೆ ಕೋಲಿಗೆ ಈ ನಕ್ಷತ್ರವನ್ನು ತೂಗುಹಾಕಿದ್ದರು. ಅದು ಯೆಹೂದಿಗಳ ಮನೆಯೇ?
– ಕನ್ನಡಿಗರೊಬ್ಬರು, ಮ್ಯೂನಿಕ್

ಉತ್ತರ: ನೀವು ಕಂಡದ್ದು ಬಹುಶಃ ಬಿಯರ್ ಮನೆ. ಆ ಸೀಮೆಯ ಕೆಲವು ಊರುಗಳಲ್ಲಿ ಊರಿಗೆಲ್ಲ ಸೇರಿದ ಒಂದೇ ಕುದಿಸುವ ಮನೆಯಿದ್ದು, ಅಲ್ಲಿ ತಯಾರಾದ ‘ಜೋಯ್‌ಗ್ಲ್’ ಎಂಬ ಬಿಯರನ್ನು ಹಕ್ಕುಳ್ಳ ಮನೆಗಳವರು ಸರದಿಯಂತೆ ತಮ್ಮ ಮನೆಯಲ್ಲಿಯೇ ಮಾರುತ್ತಾರೆ. ಒಂದು ತ್ರಿಕೋನ ಬೆಂಕಿ, ಇನ್ನೊಂದು ನೀರು ಎಂದು ವಿವರಿಸುವುದುಂಟು. 15ನೆಯ ಶತಮಾನದ ನ್ಯೂರೆಂಬರ್ಗ್‌ನ ಚಿತ್ರವೊಂದರಲ್ಲಿ ಬಿಯರ್ ಕುದಿಸುವವನ ತಲೆಯ ಮೇಲೆ ಈ ನಕ್ಷತ್ರ ತೂಗುತ್ತದೆ. ಅದು ಹೊರಗಿರುವಷ್ಟು ದಿನ ಆ ಮನೆಯ ಸರದಿ ನಡೆದಿದೆ ಎಂದು ತಿಳಿದು ಒಳಗೆ ಹೋಗಬಹುದು.