ಸಿ ಶಾರ್ಪ್‌ನಲ್ಲಿ ಸೈಟ್‌ಮ್ಯಾಪ್ ಕಟ್ಟುವಾಗ ಒಳಗಿನ ಟ್ಯಾಗ್‌ಗಳಿಗೆ ಖಾಲಿ ಎಕ್ಸ್‌ಎಂಎಲ್‌ಎನ್‌ಎಸ್ ಯಾಕೆ ಬರುತ್ತದೆ?

ಕನ್ನಡ, ಇಂಗ್ಲಿಷ್ ಎರಡೂ ಇರುವ ಸೈಟಿಗೆ ಎಕ್ಸ್‌ಎಲಿಮೆಂಟ್ (ಸಿ ಶಾರ್ಪ್‌ನಲ್ಲಿ ಎಕ್ಸ್‌ಎಂಎಲ್ ಟ್ಯಾಗ್ ಕಟ್ಟುವ ಕ್ಲಾಸ್) ಬಳಸಿ ಸೈಟ್‌ಮ್ಯಾಪ್, ಅಂದರೆ ಸರ್ಚ್ ಎಂಜಿನ್‌ಗೆ ಕೊಡುವ ಪುಟಗಳ ಪಟ್ಟಿಯ ಎಕ್ಸ್‌ಎಂಎಲ್ ಫೈಲ್, ಮಾಡುತ್ತಿದ್ದೀರಿ. ಹೊರಗಿನ 'ಯುಆರ್‌ಎಲ್‌ಸೆಟ್' ಸರಿಯಾಗಿದೆ, ಒಳಗಿನ ಪ್ರತಿ 'ಯುಆರ್‌ಎಲ್' ಟ್ಯಾಗ್‌ಗೂ ಖಾಲಿ ಎಕ್ಸ್‌ಎಂಎಲ್‌ಎನ್‌ಎಸ್ (ನೇಮ್‌ಸ್ಪೇಸ್ ಹೇಳುವ ಗುರುತು) ಅಂಟಿಕೊಂಡಿದೆ, 'ಎಕ್ಸ್‌ಎಚ್‌ಟಿಎಂಎಲ್:ಲಿಂಕ್' ಅಂತ ಹೆಸರು ಕೊಟ್ಟರೆ ಎಕ್ಸೆಪ್ಶನ್ ಬರುತ್ತದೆ. ಎರಡಕ್ಕೂ ಕಾರಣ ಒಂದೇ. ಮೊಬೈಲಿನಲ್ಲಿದ್ದೇನೆ, ಕೋಡನ್ನು ಮಾತಿನಲ್ಲೇ ಹೇಳುತ್ತೇನೆ.

ನೇಮ್‌ಸ್ಪೇಸ್ ಅನ್ನೋದು ಟ್ಯಾಗ್ ಯಾವ ಗುಂಪಿನದು ಅಂತ ಹೇಳುವ, ವಿಳಾಸದಂತೆ ಬರೆಯುವ ಗುರುತು; ಅದು ಹೆಸರಿನದೇ ಭಾಗ. ಕ್ಲಾಸಿನಲ್ಲಿ ಇಬ್ಬರು ಮಂಜುನಾಥ ಇದ್ದರೆ ಇನಿಷಿಯಲ್ ಸೇರಿಸಿ ಹಾಜರಿ ಕರೆಯುತ್ತಾರೆ ಅಲ್ವಾ, ಹಾಗೆ. ಫೈಲನ್ನು ಓದುವಾಗ ಹೊರಗಿನ ಟ್ಯಾಗ್‌ನ ಡೀಫಾಲ್ಟ್ ನೇಮ್‌ಸ್ಪೇಸ್ ಒಳಗಿನವಕ್ಕೂ ತಾನಾಗಿ ಸಿಗುತ್ತದೆ, ಆದರೆ ಕೋಡಿನಲ್ಲಿ ಕಟ್ಟುವಾಗ ಸಿಗೋದಿಲ್ಲ, ಪ್ರತಿಯೊಂದಕ್ಕೂ ನೀವೇ ಕೊಡಬೇಕು. ನೀವು 'ಯುಆರ್‌ಎಲ್' ಅಂತಷ್ಟೇ ಬರೆದಿದ್ದೀರಿ, ಅಂದರೆ ಯಾವ ನೇಮ್‌ಸ್ಪೇಸೂ ಬೇಡ ಅಂದ ಹಾಗೆ. ಲೈಬ್ರರಿ ಅದನ್ನೇ ನಿಜವಾಗಿ ತೋರಿಸಲು ಖಾಲಿ ಎಕ್ಸ್‌ಎಂಎಲ್‌ಎನ್‌ಎಸ್ ಹಾಕುತ್ತದೆ.

ಹಾಗಾಗಿ ಸೈಟ್‌ಮ್ಯಾಪ್ 0.9ರ ನೇಮ್‌ಸ್ಪೇಸ್ ವಿಳಾಸವನ್ನು ಒಂದು ಎಕ್ಸ್‌ನೇಮ್‌ಸ್ಪೇಸ್ ವೇರಿಯಬಲ್‌ನಲ್ಲಿ ಇಡಿ, 'ಯುಆರ್‌ಎಲ್', 'ಲೋಕ್', 'ಲಾಸ್ಟ್‌ಮಾಡ್' ಎಲ್ಲಕ್ಕೂ ಆ ವೇರಿಯಬಲ್ ಪ್ಲಸ್ ಹೆಸರು ಅಂತ ಬರೆಯಿರಿ. ಎಕ್ಸ್‌ಎಚ್‌ಟಿಎಂಎಲ್‌ನ ವಿಳಾಸಕ್ಕೆ ಇನ್ನೊಂದು ವೇರಿಯಬಲ್, ಲಿಂಕ್ ಟ್ಯಾಗ್‌ಗೆ ಆ ವೇರಿಯಬಲ್ ಪ್ಲಸ್ 'ಲಿಂಕ್' ಅಂತ ಬರೆಯಿರಿ. ಹೆಸರಿನೊಳಗೆ ಕೋಲನ್ ಹಾಕುವಂತಿಲ್ಲ, ನಿಮ್ಮ ಎಕ್ಸೆಪ್ಶನ್ ಬಂದಿದ್ದು ಅದಕ್ಕೇ. ಫೈಲಿನಲ್ಲಿ ಲಿಂಕ್‌ನ ಹಿಂದೆ 'ಎಕ್ಸ್‌ಎಚ್‌ಟಿಎಂಎಲ್:' ಅನ್ನೋ ಪ್ರಿಫಿಕ್ಸ್ ಕಾಣಬೇಕಾದರೆ ಯುಆರ್‌ಎಲ್‌ಸೆಟ್‌ಗೆ ಒಂದು ಎಕ್ಸ್‌ಆಟ್ರಿಬ್ಯೂಟ್ ಸೇರಿಸಿ: ಅದರ ಹೆಸರು ಎಕ್ಸ್‌ನೇಮ್‌ಸ್ಪೇಸ್ ಡಾಟ್ ಎಕ್ಸ್‌ಎಂಎಲ್‌ಎನ್‌ಎಸ್ ಪ್ಲಸ್ 'ಎಕ್ಸ್‌ಎಚ್‌ಟಿಎಂಎಲ್', ಮೌಲ್ಯ (ವ್ಯಾಲ್ಯೂ) ಎಕ್ಸ್‌ಎಚ್‌ಟಿಎಂಎಲ್‌ನ ವಿಳಾಸ. ಇದನ್ನು ಬಿಟ್ಟರೂ ಫೈಲ್ ತಪ್ಪಾಗೋದಿಲ್ಲ, ಪ್ರತಿ ಲಿಂಕ್‌ನಲ್ಲೂ ಉದ್ದದ ವಿಳಾಸ ಸುಮ್ನೆ ಮತ್ತೆ ಮತ್ತೆ ಬರುತ್ತದೆ ಅಷ್ಟೇ.

ಜಾಸ್ತಿ ಜನ ಎಡವುವುದು ಆಟ್ರಿಬ್ಯೂಟ್‌ನಲ್ಲಿ, ಅಂದರೆ ಟ್ಯಾಗ್‌ನೊಳಗೆ ಬರೆಯುವ ಹೆಸರು-ಮೌಲ್ಯದ ಜೋಡಿಯಲ್ಲಿ. ಲಿಂಕ್ ಟ್ಯಾಗ್‌ಗೆ ನೇಮ್‌ಸ್ಪೇಸ್ ಬೇಕು, ಆದರೆ ಅದರ 'ರೆಲ್', 'ಎಚ್‌ರೆಫ್‌ಲ್ಯಾಂಗ್', 'ಎಚ್‌ರೆಫ್' ಮೂರಕ್ಕೂ ಬೇಡ. ಡೀಫಾಲ್ಟ್ ನೇಮ್‌ಸ್ಪೇಸ್ ಆಟ್ರಿಬ್ಯೂಟ್‌ಗೆ ಅನ್ವಯಿಸೋದೇ ಇಲ್ಲ. ಕನ್ನಡ ಪುಟಕ್ಕೆ 'ಎಚ್‌ರೆಫ್‌ಲ್ಯಾಂಗ್' (ಪುಟದ ಭಾಷೆ ಹೇಳುವ ಆಟ್ರಿಬ್ಯೂಟ್) ಅಂತ ಬರಿಯ ಹೆಸರು ಕೊಟ್ಟು, ಮೌಲ್ಯ 'ಕೆಎನ್' (ಕನ್ನಡದ ಭಾಷಾ ಕೋಡ್) ಅಂತ ಹಾಕಿ, ಸಾಕು.

ಇನ್ನೊಂದು ವಿಷಯ. ಈ ನೇಮ್‌ಸ್ಪೇಸ್ ವಿಳಾಸಗಳು 'ಎಚ್‌ಟಿಟಿಪಿ' ಅಂತ ಶುರುವಾಗುತ್ತವೆ, ಅದನ್ನು ಮುಟ್ಟಬೇಡಿ. ನಾನೊಮ್ಮೆ ಸುರಕ್ಷಿತವಾಗಿರಲಿ ಅಂತ 'ಎಚ್‌ಟಿಟಿಪಿಎಸ್' ಮಾಡಿದೆ, ಸೈಟ್‌ಮ್ಯಾಪ್ ತಿರಸ್ಕಾರವಾಯಿತು, ಕಾರಣ ಹುಡುಕಲು ಅರ್ಧ ದಿನ ಹೋಯಿತು. ಪಾರ್ಸರ್ (ಫೈಲ್ ಓದುವ ಪ್ರೋಗ್ರಾಂ) ಆ ವಿಳಾಸಕ್ಕೆ ಹೋಗಿ ನೋಡುವುದಿಲ್ಲ, ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ, ಒಂದು ಅಕ್ಷರ ಜಾಸ್ತಿಯಾದರೂ ಅದು ಬೇರೆಯೇ ನೇಮ್‌ಸ್ಪೇಸ್.