ಮೂರನೇ ಪುಟದಿಂದ ಶುರುಮಾಡಿ

ಕಾರವಾರದ ಲೇಖಕಿಯವರಿಗೆ ನಮಸ್ಕಾರ.

ಮರಿ ಹಾಕುವ ಮೀನುಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲಾರೆವು. ಕೈಬಿಡಲೂ ಮನಸ್ಸಿಲ್ಲ. ಮೂರನೇ ಪುಟದಲ್ಲಿ, ಬೈತಖೋಲ ಬಂದರಿನಲ್ಲಿ ಹೆಂಗಸೊಬ್ಬರು ಮೋರಿ ಮೀನಿನ (ಶಾರ್ಕ್‌ನ) ಹೊಟ್ಟೆ ಸೀಳಿದಾಗ ಹೊಕ್ಕುಳಬಳ್ಳಿಗೆ ಅಂಟಿಕೊಂಡೇ ಮರಿಗಳು ಹೊರಬಂದವು ಎಂದು ಬರೆದಿದ್ದೀರಿ. ಒಂದೇ ವಾಕ್ಯ, ಆಮೇಲೆ ಮುಂದೆ ಓಡಿಬಿಟ್ಟಿದ್ದೀರಿ. ನಿಮ್ಮ ಲೇಖನ ಇರುವುದೇ ಅಲ್ಲಿ. ಅದಕ್ಕೆ ಮೊದಲಿನ ಸೃಷ್ಟಿವಿಸ್ಮಯ, ತಾಯ್ತನದ ಮಹಿಮೆ ಎಲ್ಲವನ್ನೂ ತೆಗೆದುಹಾಕಿ.

ಅಗಲ ಚಪ್ಪಟೆ ಮೂತಿ, ಮೊಳದುದ್ದದ ಮೈ ಎಂದಿದ್ದೀರಿ. ಹಾಗಿದ್ದರೆ ಅದು ಸ್ಕೋಲಿಯೋಡಾನ್ ಎಂಬ ಸಣ್ಣ ಶಾರ್ಕ್ ಇರಬೇಕು. ಇದರ ತತ್ತಿ ಸುಮಾರು 1 ಮಿಲಿಮೀಟರ್, ಸಾಸಿವೆ ಕಾಳಿನಷ್ಟು. ಶಾರ್ಕ್‌ಗಳಲ್ಲೇ ಅತಿ ಚಿಕ್ಕದು. ಹಳದಿ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಮರಿ ಹುಟ್ಟುವಾಗ 12ರಿಂದ 15 ಸೆಂಟಿಮೀಟರ್ ಇರುತ್ತದೆ. ಅಷ್ಟೂ ಮೈ ತಾಯಿ ಉಣಿಸಿದ್ದು. ಅದಕ್ಕೇ ಮಾಸು ಬಹಳ ಬೇಗ ಗರ್ಭಕೋಶದ ಗೋಡೆಗೆ ಕಚ್ಚಿಕೊಳ್ಳುತ್ತದೆ. ಬಳ್ಳಿಯೂ ನುಣುಪಲ್ಲ; ಅದರ ಉದ್ದಕ್ಕೂ ಸಣ್ಣ ಸಣ್ಣ ಕವಲೆಳೆಗಳಿರುತ್ತವೆ. ನಿಮ್ಮ ಕಣ್ಣಿಗೆ ಅವು ಬಿದ್ದವೇ? ಬಿದ್ದಿದ್ದರೆ ಬರೆಯಿರಿ.

ಒಂದು ತಪ್ಪನ್ನು ಮಾತ್ರ ತಿದ್ದಲೇಬೇಕು. ಮರಿ ಹಾಕುವ ಮೀನುಗಳೆಲ್ಲ ಹೊಕ್ಕುಳಬಳ್ಳಿಯಿಂದಲೇ ಉಣ್ಣುವುದಿಲ್ಲ. ಸೊಳ್ಳೆಮರಿ ತಿನ್ನಲೆಂದು ಬಾವಿಗೆ ಬಿಡುವ ಗಪ್ಪಿಯ ಭ್ರೂಣ ಬಹುಮಟ್ಟಿಗೆ ತತ್ತಿಯ ಹಳದಿಯಲ್ಲೇ ಬೆಳೆಯುತ್ತದೆ. ತೊರಕೆ ಮೀನಿಗೆ (ಸ್ಟಿಂಗ್‌ರೇ) ಮಾಸೂ ಇಲ್ಲ. ಅದರ ಹಳದಿ ತೀರುತ್ತ ಬಂದಂತೆ ಗರ್ಭಕೋಶದ ಒಳಗೋಡೆಯ ಎಳೆಗಳು ಕೊಬ್ಬು ತುಂಬಿದ ಹಾಲಿನಂಥ ದ್ರವ ಒಸರುತ್ತವೆ, ಮರಿ ಅದನ್ನು ಕುಡಿದು, ಹೀರಿ ಬೆಳೆಯುತ್ತದೆ. ಮೋರಿ, ತೊರಕೆ ಎರಡೂ ಒಂದೇ ಬಲೆಯಲ್ಲಿ ಬರಬಹುದಾದ ಮೀನುಗಳು. ಮೋರಿಯ ಪಕ್ಕದಲ್ಲೇ ತೊರಕೆಯನ್ನಿಟ್ಟು ಬರೆದರೆ ಓದುಗರಿಗೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಗರ್ಭದಲ್ಲೇ ಒಡಹುಟ್ಟುಗಳನ್ನು ತಿನ್ನುವ ಶಾರ್ಕ್‌ಗೆ ಒಂದೂವರೆ ಪುಟ ಕೊಟ್ಟಿದ್ದೀರಿ. ಸಂಗತಿ ನಿಜ, ಆದರೆ ನೀವು ಅದನ್ನು ಕಂಡಿಲ್ಲ, ಉಳಿದವರು ಬೇಕಾದಷ್ಟು ಬರೆದಿದ್ದಾರೆ. ಎರಡು ಸಾಲು ಸಾಕು.

ಬಂದರಿಗೆ ಮತ್ತೆ ಹೋಗಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ಅದಕ್ಕೆ ಮೊದಲೇ ಹೋಗಿಬಿಡಿ. ಮೀನು ಹೆಚ್ಚುವ ಅಕ್ಕನ ಹತ್ತಿರ ಕೂತು, ಒಂದು ಹೊಟ್ಟೆಯಲ್ಲಿ ಎಷ್ಟು ಮರಿ ಸಿಗುತ್ತವೆ, ಯಾವ ತಿಂಗಳು ಹೆಚ್ಚು ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಹಾಕಿ, ನೀವು ತಿದ್ದಬೇಡಿ. ಮೀನಿನ ಜಾತಿ ಖಚಿತಪಡಿಸಿಕೊಳ್ಳಲು ಕೋಡಿಬಾಗದ ಕಡಲಜೀವಶಾಸ್ತ್ರ ವಿಭಾಗದವರಿಗೆ ತೋರಿಸಿ. ಬಳ್ಳಿ, ಮಾಸು, ಮರಿ ಮೂರೂ ಕಾಣುವ ಚಿತ್ರವೊಂದನ್ನು ನೀವೇ ಬಿಡಿಸಿ ಕಳಿಸಿದರೆ ಪುಟದಗಲಕ್ಕೆ ಹಾಕುತ್ತೇವೆ.

ಸಂಪಾದಕ, ಶಿರಸಿ